ಸಣ್ಣ ದಿನಸಿ ಅಂಗಡಿ ಉಳೀಬೇಕಂದ್ರೆ ಮೊದಲು ನಾವು ಮಾಲು ತರೋ ರೇಟು ಸರಿ ಆಗ್ಬೇಕು

ಮಾನ್ಯ ಸಂಪಾದಕರಿಗೆ ನಮಸ್ಕಾರ,

ಸಣ್ಣ ಅಂಗಡಿಗಳು ಮುಚ್ತಾ ಇವೆ ಅನ್ನೋ ಸುದ್ದಿ ಈಗ ಎಲ್ಲಾ ಪೇಪರಲ್ಲೂ ಬರ್ತಾನೇ ಇರುತ್ತೆ. ಓದ್ತೀನಿ, ಬರೆಯೋರಿಗೆ ನಮ್ಮ ಮೇಲೆ ಕಾಳಜಿ ಇದೆ ಅನ್ನೋದೂ ಗೊತ್ತಾಗುತ್ತೆ. ಆದ್ರೆ ಕೊನೇಲಿ ಕೊಡೋ ಸಲಹೆ ಮಾತ್ರ ಯಾವಾಗ್ಲೂ ಒಂದೇ, ಅಂಗಡಿಯವ್ರು ಡಿಜಿಟಲ್ ಆಗ್ಬೇಕು, ಹೋಂ ಡೆಲಿವರಿ ಶುರು ಮಾಡ್ಬೇಕು, ಗಿರಾಕಿಗಳ ಹತ್ರ ನಗ್ತಾ ಮಾತಾಡ್ಬೇಕು ಅಂತ. ನಾನು ಮೈಸೂರಿನ ಕುವೆಂಪುನಗರದಲ್ಲಿ ದಿನಸಿ ಅಂಗಡಿ ನಡೆಸ್ತೀನಿ. ಹೋಂ ಡೆಲಿವರಿ ನಮ್ಮಪ್ಪನ ಕಾಲದಿಂದ ಇದೆ, ಸೈಕಲ್ ಕ್ಯಾರಿಯರ್ ಮೇಲೆ ಅಕ್ಕಿ ಮೂಟೆ ಕಟ್ಕೊಂಡು ಹೋಗಿ ಅಡುಗೆಮನೆ ಡಬ್ಬಕ್ಕೆ ಸುರಿದು ಬರ್ತಿದ್ರು, ದುಡ್ಡು ತಿಂಗಳ ಕೊನೇಲಿ. ಈಗ ಗಲ್ಲಾ ಪೆಟ್ಟಿಗೆ ಪಕ್ಕ ಸ್ಕ್ಯಾನರ್ ಇದೆ, ವಾಟ್ಸಾಪಲ್ಲಿ ಚೀಟಿ ಫೋಟೋ ಕಳ್ಸಿದ್ರೆ ಸಂಜೆ ಒಳಗೆ ಸಾಮಾನು ಮನೇಲಿರುತ್ತೆ. ಇದೆಲ್ಲಾ ಇದ್ದೂ ವ್ಯಾಪಾರ ಇಳೀತಿದೆ ಅಂದ್ಮೇಲೆ ತೊಂದ್ರೆ ಅಲ್ಲಿಲ್ಲ. ತೊಂದ್ರೆ ಇರೋದು ನಾವು ಮಾಲು ತರೋ ರೇಟಲ್ಲಿ, ಅದ್ರ ಬಗ್ಗೆ ಯಾರೂ ಬರೆಯಲ್ಲ ಅಂತ ಈ ಪತ್ರ.

ಒಂದು ಸೋಪು, ಒಂದು ಪೇಸ್ಟು ನಮ್ಮ ಅಂಗಡಿಗೆ ಹೇಗೆ ಬರುತ್ತೆ ಅಂತ ಹೊರಗಿನವರಿಗೆ ಗೊತ್ತಿರಲ್ಲ. ಕಂಪನಿಯಿಂದ ಡಿಸ್ಟ್ರಿಬ್ಯೂಟರ್‌ಗೆ, ಅಲ್ಲಿಂದ ಲೈನ್ ಸೇಲ್ಸ್‌ಮನ್ ವಾರಕ್ಕೊಮ್ಮೆ ಬಂದು ಆರ್ಡರ್ ತಗೊಂಡು ಹೋಗಿ ಮಾರನೇ ದಿನ ವ್ಯಾನಲ್ಲಿ ಮಾಲು. ಬ್ರ್ಯಾಂಡೆಡ್ ಐಟಂಗಳಲ್ಲಿ ನಮಗೆ ಉಳಿಯೋದು ನೂರಕ್ಕೆ ಹತ್ತರ ಆಸುಪಾಸು, ಕೆಲವದ್ರಲ್ಲಿ ಅಷ್ಟೂ ಇಲ್ಲ. ಅದ್ರಲ್ಲೇ ಬಾಡಿಗೆ, ಕರೆಂಟು, ಹುಡುಗನ ಸಂಬಳ, ಎಕ್ಸ್‌ಪೈರಿ ಆಗಿ ವಾಪಸ್ ತಗೊಳ್ಳದೇ ಉಳಿದ ಮಾಲು, ಇಲಿ ಕಡಿದ ಪ್ಯಾಕೆಟ್ಟು, ಬರದೇ ಹೋದ ಉದ್ರಿ, ಎಲ್ಲಾ. ಅದೇ ಸೋಪನ್ನ ರಿಂಗ್ ರೋಡ್ ಕಡೆ ಇರೋ ದೊಡ್ಡ ಮಾರ್ಟಲ್ಲಿ ಎಂ.ಆರ್.ಪಿ.ಗಿಂತ ಹತ್ತು ಹನ್ನೆರಡು ಪರ್ಸೆಂಟ್ ಕಡಿಮೆಗೆ ಮಾರ್ತಾರೆ, ಅಂದ್ರೆ ನಾನು ಕೊಂಡುಕೊಳ್ಳೋ ರೇಟಿಗೇ ಅಥವಾ ಅದಕ್ಕೂ ಕೆಳಗೆ. ಎಷ್ಟೋ ಸಲ ನಮ್ಮಂಥ ಅಂಗಡಿಯವ್ರೇ ಆಫರ್ ಇದ್ದಾಗ ಅಲ್ಲಿಗೆ ಹೋಗಿ ಎಣ್ಣೆ, ಡಿಟರ್ಜೆಂಟು ತಂದು ಅಂಗಡೀಲಿ ಇಟ್ಕೋತಾರೆ. ಗಿರಾಕಿಗೆ ಮಾರೋ ರೇಟೇ ಅಂಗಡಿಯವನಿಗೆ ಹೋಲ್‌ಸೇಲ್ ರೇಟ್ ಆಗೋ ವ್ಯವಸ್ಥೇಲಿ ನಗ್ತಾ ಮಾತಾಡಿ ಏನು ಗೆಲ್ಲೋಕಾಗುತ್ತೆ ಹೇಳಿ.

ಇದು ನಾನೊಬ್ಬನೇ ಹೇಳ್ತಿರೋ ದೂರಲ್ಲ. 2021ರ ಕೊನೇಲಿ ಡಿಸ್ಟ್ರಿಬ್ಯೂಟರ್‌ಗಳ ಅಖಿಲ ಭಾರತ ಒಕ್ಕೂಟ ಕಂಪನಿಗಳಿಗೆ ಪತ್ರ ಬರೆದು ಇದನ್ನೇ ಕೇಳ್ತು, ನಾವು ಅಂಗಡಿಯವ್ರಿಗೆ 8ರಿಂದ 12 ಪರ್ಸೆಂಟ್ ಮಾರ್ಜಿನ್ ಕೊಡ್ತೀವಿ, ದೊಡ್ಡ ಆನ್‌ಲೈನ್ ಹೋಲ್‌ಸೇಲ್ ಕಂಪನಿಗಳು 15ರಿಂದ 20 ಪರ್ಸೆಂಟ್ ಕೊಡ್ತಿವೆ, ನಮಗೂ ಅವ್ರಿಗೂ ಒಂದೇ ರೇಟು ಮಾಡಿ ಅಂತ. 2022ರ ಜನವರಿಯಿಂದ ಅಸಹಕಾರ ಅಂತಾನೂ ಹೇಳಿದ್ರು, ಮಹಾರಾಷ್ಟ್ರದಲ್ಲಿ ಕೆಲವು ಐಟಂ ಎತ್ತೋದನ್ನೇ ನಿಲ್ಲಿಸಿದ್ರು. ಆಮೇಲೆ ಮಾತುಕತೆ ಆಯ್ತು, ಸುದ್ದಿ ತಣ್ಣಗಾಯ್ತು, ವ್ಯತ್ಯಾಸ ಮಾತ್ರ ಹಾಗೇ ಇದೆ. 2024ರಲ್ಲಿ ಅದೇ ಒಕ್ಕೂಟ ಒಂದು ವರ್ಷದಲ್ಲಿ ದೇಶದಲ್ಲಿ ಸುಮಾರು ಎರಡು ಲಕ್ಷ ಕಿರಾಣಿ ಅಂಗಡಿ ಮುಚ್ಚಿವೆ ಅಂತ ಹೇಳ್ತು. ಅದು ಒಕ್ಕೂಟದವ್ರ ಲೆಕ್ಕ, ಸರ್ಕಾರದ್ದಲ್ಲ. ಆದ್ರೆ ನಮ್ಮ ಏರಿಯಾದಲ್ಲಿ ಒಂದು ಸುತ್ತು ಹಾಕಿದ್ರೆ ಮುಂಚೆ ದಿನಸಿ ಅಂಗಡಿ ಇದ್ದ ಶಟರ್‌ಗಳಲ್ಲಿ ಈಗ ಮೊಬೈಲ್ ಕವರ್, ಕೊರಿಯರ್ ಆಫೀಸು ಕಾಣ್ಸುತ್ತೆ.

ಈಗ ಹತ್ತು ನಿಮಿಷದ ಡೆಲಿವರಿ ಬಂದಿದೆ. ಮೊದಲು ಮಾರ್ಟ್ ಬಂದಾಗ ತಿಂಗಳ ಸಾಮಾನು ಅಲ್ಲಿಗೆ ಹೋಯ್ತು, ಆದ್ರೆ ಮಧ್ಯೆ ಮಧ್ಯೆ ಬೇಕಾಗೋ ಒಂದು ಪ್ಯಾಕೆಟ್ ಹಾಲು, ಕಾಲು ಕೆಜಿ ರವೆ, ಕೊತ್ತಂಬರಿ ಕಟ್ಟು, ಬೆಂಕಿಪೊಟ್ಟಣ ನಮ್ಮ ಹತ್ರಾನೇ ಇತ್ತು. ಸಣ್ಣ ಅಂಗಡಿ ಬದುಕಿದ್ದೇ ಈ ಚಿಲ್ಲರೆ ಓಡಾಟದಲ್ಲಿ. ಈ ಡೆಲಿವರಿ ಆ್ಯಪ್‌ಗಳ ಡಾರ್ಕ್ ಸ್ಟೋರ್‌ಗಳು ಕೈ ಹಾಕಿರೋದು ನೇರವಾಗಿ ಅದಕ್ಕೇ. ಶಟರ್ ಮುಚ್ಚಿರೋ ಗೋಡೌನು, ಒಳಗೆ ಹುಡುಗ್ರು ಓಡಾಡ್ಕೊಂಡು ಪ್ಯಾಕ್ ಮಾಡೋದು, ಹೊರಗೆ ಬೈಕುಗಳ ಸಾಲು. ಅವ್ರಿಗೆ ಮೇನ್ ರೋಡ್ ಬಾಡಿಗೆ ಬೇಡ, ವರ್ಷಗಟ್ಟಲೆ ನಷ್ಟ ಆದ್ರೂ ಹೂಡಿಕೆದಾರರ ದುಡ್ಡಿದೆ. ನಮ್ಮ ನಷ್ಟಕ್ಕೆ ಹೆಂಡತಿ ಬಳೆ ಇದೆ ಅಷ್ಟೆ, ಅದೂ ಒಂದ್ಸಲಕ್ಕೆ.

ಕಾನೂನು ಇದೆಯಲ್ಲ ಅಂತ ಕೆಲವರು ಕೇಳ್ತಾರೆ. ಇದೆ. 2002ರ ಸ್ಪರ್ಧಾ ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ ಪೈಪೋಟಿಯವ್ರನ್ನ ಮುಗಿಸೋಕೆ ಅಂತ ಅಸಲಿಗಿಂತ ಕಡಿಮೆಗೆ ಮಾರೋದು ತಪ್ಪು. ಆದ್ರೆ ಆ ಸೆಕ್ಷನ್ ಅನ್ವಯ ಆಗ್ಬೇಕಂದ್ರೆ ಮೊದಲು ಆ ಕಂಪನಿಗೆ ಮಾರುಕಟ್ಟೇಲಿ ಪ್ರಾಬಲ್ಯ ಇದೆ ಅಂತ ಸಾಬೀತಾಗ್ಬೇಕು. ಮೂರು ನಾಲ್ಕು ಕಂಪನಿ ಸೇರ್ಕೊಂಡು ಒಂದೇ ಥರ ರೇಟು ಇಳಿಸ್ತಿದ್ರೆ ಪ್ರತಿಯೊಬ್ರೂ ನಾನು ಪ್ರಬಲ ಅಲ್ಲ, ಪಕ್ಕದವ್ರು ಇದ್ದಾರಲ್ಲ ಅಂತಾರೆ. ದೆಹಲೀಲಿ ಕೇಸು ನಡೀಲಿ, ಡಿಸ್ಟ್ರಿಬ್ಯೂಟರ್ ಒಕ್ಕೂಟ ಸ್ಪರ್ಧಾ ಆಯೋಗಕ್ಕೆ ದೂರು ಕೊಟ್ಟಿರೋದು ಒಳ್ಳೇದೇ, ಆದ್ರೆ ತೀರ್ಪು ಬರೋ ಹೊತ್ತಿಗೆ ನಮ್ಮ ಅಂಗಡಿ ಬಾಗಿಲು ತೆಗೆದಿರ್ಬೇಕಲ್ಲ.

ಇದ್ರ ಮಧ್ಯೆ 2025ರ ಜುಲೈಯಲ್ಲಿ ಬಂದ ಜಿ.ಎಸ್.ಟಿ. ನೋಟಿಸ್ ವಿಷಯ ಹೇಳ್ಲೇಬೇಕು. ಯುಪಿಐಯಲ್ಲಿ ಬಂದ ದುಡ್ಡಿನ ಲೆಕ್ಕ ಹಿಡ್ಕೊಂಡು ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ಅಂಗಡಿ, ಬೇಕರಿ, ಕಾಂಡಿಮೆಂಟ್ಸ್‌ಗಳಿಗೆಲ್ಲ ನೋಟಿಸ್ ಕಳ್ಸಿದ್ದು, ಹಾವೇರಿಯಲ್ಲಿ ತರಕಾರಿ ಮಾರೋರಿಗೇ 29 ಲಕ್ಷದ ನೋಟಿಸ್ ಹೋಗಿದ್ದು, ಬೆಂಗಳೂರಲ್ಲಿ ರಾತ್ರೋರಾತ್ರಿ ಸ್ಕ್ಯಾನರ್ ಕಿತ್ತು ಕ್ಯಾಶ್ ಮಾತ್ರ ಅಂತ ಬೋರ್ಡ್ ಹಾಕಿದ್ದು ಎಲ್ಲಾರಿಗೂ ನೆನಪಿರುತ್ತೆ. ಬಂದ್ ಮಾಡೋಕೆ ಹೊರಟಾಗ ಮುಖ್ಯಮಂತ್ರಿಗಳು ಸಭೆ ಕರೆದು ಹಳೇ ಬಾಕಿ ವಸೂಲಿ ಮಾಡಲ್ಲ, ಇನ್ಮುಂದೆ ರಿಜಿಸ್ಟರ್ ಆಗಿ ಅಂದ್ರು, ಅಲ್ಲಿಗೆ ಸಮಾಧಾನ ಆಯ್ತು. ಆದ್ರೆ ಆ ಗಲಾಟೇಲಿ ಅಂಗಡಿಯವ್ರಿಗೆ ನಿಜವಾಗ್ಲೂ ಉಪಯೋಗ ಆಗೋ ಮಾಹಿತಿ ಮುಚ್ಚಿಹೋಯ್ತು, ಅದನ್ನ ಇಲ್ಲಿ ಬರೀತೀನಿ, ದಯವಿಟ್ಟು ಕತ್ತರಿ ಹಾಕ್ಬೇಡಿ.

ಸರಕು ಮಾರೋರಿಗೆ ವರ್ಷಕ್ಕೆ 40 ಲಕ್ಷದ ವಹಿವಾಟು ದಾಟಿದ್ರೆ ರಿಜಿಸ್ಟ್ರೇಷನ್ ಬೇಕು. ಪೂರ್ತಿ ತೆರಿಗೆ ಇಲ್ಲದ ಐಟಂ ಮಾತ್ರ ಮಾರೋರಿಗೆ, ಅಂದ್ರೆ ಬರೀ ಸೊಪ್ಪು ತರಕಾರಿ ಮಾರೋರಿಗೆ, ಬೇಡ. ಆದ್ರೆ ನಮ್ಮಂಥ ದಿನಸಿ ಅಂಗಡೀಲಿ ಎರಡೂ ಇರುತ್ತೆ, ಆವಾಗ 40 ಲಕ್ಷದ ಲೆಕ್ಕಕ್ಕೆ ತೆರಿಗೆ ಇಲ್ಲದ ಹಾಲು, ಲೂಸ್ ಅಕ್ಕಿ ದುಡ್ಡೂ ಸೇರುತ್ತೆ, ಇಲ್ಲೇ ಬಹಳ ಜನ ಸಿಕ್ಕಿಹಾಕ್ಕೊಂಡಿದ್ದು. ಅಂಥವ್ರಿಗೆ ಕಾಂಪೋಸಿಷನ್ ಅಂತ ಒಂದು ದಾರಿ ಇದೆ, ಒಂದೂವರೆ ಕೋಟಿ ವಹಿವಾಟಿನ ತನಕ, ತೆರಿಗೆ ಬರೋ ಐಟಂಗಳ ಮಾರಾಟದ ಮೇಲೆ ಮಾತ್ರ 1 ಪರ್ಸೆಂಟ್, ಮೂರು ತಿಂಗಳಿಗೊಮ್ಮೆ ಕಟ್ಟೋದು, ವರ್ಷಕ್ಕೊಂದು ರಿಟರ್ನ್. ಗಿರಾಕಿಯಿಂದ ಆ ತೆರಿಗೆ ವಸೂಲಿ ಮಾಡೋ ಹಾಗಿಲ್ಲ, ನಾವು ಕೊಂಡಾಗ ಕಟ್ಟಿದ ತೆರಿಗೆ ವಾಪಸ್ ಸಿಗಲ್ಲ. 2025ರ ಸೆಪ್ಟೆಂಬರ್ 22ಕ್ಕೆ ಸೋಪು, ಶ್ಯಾಂಪೂ, ಪೇಸ್ಟು 18ರಿಂದ 5ಕ್ಕೆ ಇಳಿದಾಗ ಕಾಂಪೋಸಿಷನ್‌ನಲ್ಲಿದ್ದೋರು 18 ಕಟ್ಟಿ ತಂದಿದ್ದ ಮಾಲನ್ನ ಹೊಸ ರೇಟಿಗೆ ಮಾರ್ಬೇಕಾಯ್ತು, ಆ ನಷ್ಟ ನಮ್ಮ ತಲೆ ಮೇಲೆ. ಆದ್ರೂ ನನ್ನ ಅಭಿಪ್ರಾಯ ಕೇಳಿದ್ರೆ ಹೆದರಿ ಸ್ಕ್ಯಾನರ್ ಕೀಳೋದಕ್ಕಿಂತ ಇದು ಮೇಲು, ಯಾಕಂದ್ರೆ ಲೆಕ್ಕ ಇಲ್ಲದ ಅಂಗಡಿಗೆ ಯಾವ ಬ್ಯಾಂಕೂ ಸಾಲ ಕೊಡಲ್ಲ, ಲೆಕ್ಕ ಇದ್ರೆ ಮುದ್ರಾ ಸಾಲದಲ್ಲಿ ಮೊದಲ ಸಲಕ್ಕೇ ಹತ್ತು ಲಕ್ಷದ ತನಕ ಕೇಳ್ಬಹುದು.

ನಮ್ಮ ಕಡೆಗಿರೋ ಒಂದು ಕಾನೂನು ಬಹಳ ಅಂಗಡಿಯವ್ರಿಗೇ ಗೊತ್ತಿಲ್ಲ. 2022ರ ಜುಲೈ 18ರಿಂದ ಮೊದಲೇ ಪ್ಯಾಕ್ ಮಾಡಿ ಲೇಬಲ್ ಹಾಕಿದ 25 ಕೆಜಿ ತನಕದ ಅಕ್ಕಿ, ಬೇಳೆ, ಗೋಧಿಹಿಟ್ಟಿಗೆ 5 ಪರ್ಸೆಂಟ್ ಜಿ.ಎಸ್.ಟಿ. ಇದೆ. ಅದೇ ಬೇಳೆಯನ್ನ ಮೂಟೆಯಿಂದ ತೆಗೆದು ಗಿರಾಕಿ ಎದುರಿಗೇ ತೂಗಿ ಕೊಟ್ರೆ ತೆರಿಗೆ ಸೊನ್ನೆ. ಡಾರ್ಕ್ ಸ್ಟೋರ್‌ನವ್ರು ಲೂಸ್ ಮಾರೋಕೆ ಸಾಧ್ಯಾನೇ ಇಲ್ಲ, ಅವ್ರದ್ದೆಲ್ಲ ಬಾರ್‌ಕೋಡ್ ಅಂಟಿಸಿದ ಪ್ಯಾಕೆಟ್ಟೇ ಆಗ್ಬೇಕು. ತೊಗರಿಬೇಳೆ, ಉದ್ದಿನಬೇಳೆ, ಸೋನಾಮಸೂರಿ, ರಾಗಿ, ಇದ್ರಲ್ಲಿ ನಮಗೆ ಹುಟ್ಟಾ ಒಂದು ಅನುಕೂಲ ಇದೆ ಅಂತಾಯ್ತು. ಹೀಗಿದ್ದೂ ಎಷ್ಟೋ ಅಂಗಡೀಲಿ ನೋಡಕ್ಕೆ ಚೆನ್ನಾಗಿರ್ಲಿ ಅಂತ ಮೂಟೆ ತೆಗೆದುಹಾಕಿ ಕಂಪನಿ ಪ್ಯಾಕೆಟ್ ಜೋಡಿಸಿದ್ದಾರೆ, ಅಂದ್ರೆ ನಾವು ಗೆಲ್ಲೋ ಜಾಗ ಬಿಟ್ಟು ಅವ್ರು ಗೆಲ್ಲೋ ಜಾಗಕ್ಕೆ ಹೋಗಿ ನಿಂತಿದ್ದೀವಿ.

ಯಾವ ಅಂಗಡಿಗಳು ಅಲ್ಲಾಡ್ದೆ ನಿಂತಿವೆ ಅಂತ ನೋಡಿದ್ರೆ ಇದು ಇನ್ನೂ ಸ್ಪಷ್ಟ ಆಗುತ್ತೆ. ಮೈಸೂರಲ್ಲಿ ಪೂಜೆ ಸಾಮಾನು, ನಾರುಬೇರು ಮಾರೋ ಗ್ರಂಧಿಗೆ ಅಂಗಡಿಗಳಿಗೆ ಯಾವ ಆ್ಯಪೂ ಏನೂ ಮಾಡೋಕಾಗಿಲ್ಲ. ಗೌರಿ ಹಬ್ಬಕ್ಕೆ ಬಾಗಿನದ ಸಾಮಾನು ಅಂದ್ರೆ ಅವ್ರೇ ಒಂದೊಂದಾಗಿ ಎತ್ತಿ ಕೊಡ್ತಾರೆ, ಬಾಣಂತಿ ಮನೆಗೆ ಏನೇನು ಬೇಕು, ಎಣ್ಣೆ ಕಾಯಿಸೋಕೆ ಏನು ಹಾಕ್ಬೇಕು ಅಂತ ಅಮ್ಮಂದಿರು ಅಲ್ಲೇ ಕೇಳಿ ತಿಳ್ಕೋತಾರೆ. ಕಾಫಿಪುಡಿ ಅಂಗಡಿಗಳೂ ಹಾಗೇ. ಬೀಜ ಹುರಿದು, ಗಿರಾಕಿ ಹೇಳಿದಷ್ಟು ಚಿಕೋರಿ ಸೇರಿಸಿ, ಅಲ್ಲೇ ಪುಡಿ ಮಾಡಿ ಬಿಸಿ ಬಿಸಿ ಪೊಟ್ಟಣ ಕೊಡೋ ಅಂಗಡಿ ಮುಂದೆ ಬೆಳಿಗ್ಗೆ ಹೋಗಿ ನೋಡಿ, ಜನ ನಿಂತಿರ್ತಾರೆ. ನಮ್ಮ ಮನೆಗೆ ಎಂಬತ್ತು ಇಪ್ಪತ್ತು, ಪಕ್ಕದ ಮನೆಗೆ ಚಿಕೋರಿ ಇಲ್ಲದ್ದು, ಅದು ಅಂಗಡಿಯವ್ರಿಗೆ ಬಾಯಲ್ಲೇ ಇರುತ್ತೆ. ಹಿಟ್ಟಿನ ಗಿರಣಿ, ಎಣ್ಣೆ ಗಾಣ, ಮನೇಲಿ ಮಾಡಿದ ಚಟ್ನಿಪುಡಿ ಸಾರಿನಪುಡಿ ಇಡೋ ಅಂಗಡಿ, ಇವೆಲ್ಲಾ ಉಳ್ಕೊಂಡಿವೆ. ಇವ್ರ ಮಾಲನ್ನ ಇನ್ನೊಂದು ಕಡೆಯ ರೇಟಿನ ಜೊತೆ ಪಕ್ಕಪಕ್ಕ ಇಟ್ಟು ಹೋಲಿಸೋಕಾಗಲ್ಲ ಅನ್ನೋದೇ ಕಾರಣ. ಕಂಪನಿ ಸೋಪನ್ನ ಹೋಲಿಸ್ಬಹುದು, ಫೋನಲ್ಲಿ ಎರಡು ಸೆಕೆಂಡು ಸಾಕು.

ಹಾಗಂತ ಎಲ್ಲಾ ಅಂಗಡಿಯವ್ರೂ ಕಾಫಿಪುಡಿ ಮಾರೋಕಾಗಲ್ಲ, ಸೋಪು ಎಣ್ಣೆ ಸಕ್ಕರೆ ಇಡ್ದೆ ದಿನಸಿ ಅಂಗಡಿ ನಡೆಯಲ್ಲ. ಮತ್ತೆ ಅದೇ ಖರೀದಿ ರೇಟಿಗೇ ಬಂದು ನಿಲ್ತೀವಿ. ಇದಕ್ಕೆ ನನಗೆ ಕಾಣೋ ದಾರಿ ಒಂದೇ, ಒಬ್ಬೊಬ್ರೇ ಕೊಳ್ಳೋದು ಬಿಟ್ಟು ಸೇರ್ಕೊಂಡು ಕೊಳ್ಳೋದು.

ಜರ್ಮನಿಯಲ್ಲಿ ಇವತ್ತು ಎಲ್ಲಕ್ಕಿಂತ ದೊಡ್ಡ ದಿನಸಿ ವ್ಯಾಪಾರ ಯಾರದ್ದು ಗೊತ್ತಾ? ಎಡೆಕಾ ಅಂತ. ಅದು ಶುರುವಾಗಿದ್ದು 1898ರಲ್ಲಿ ಬರ್ಲಿನ್‌ನಲ್ಲಿ ಸಕ್ಕರೆ, ಕಾಫಿ, ಮಸಾಲೆ ಮಾರ್ತಿದ್ದ 21 ಜನ ಸಣ್ಣ ಅಂಗಡಿಯವ್ರು ಸೇರಿ ಮಾಡ್ಕೊಂಡ ಖರೀದಿ ಸಹಕಾರ ಸಂಘದಿಂದ. 1907ರಲ್ಲಿ ಅಂಥ ಸಂಘಗಳೆಲ್ಲ ಸೇರಿ ಒಕ್ಕೂಟ ಆಯ್ತು. ಇವತ್ತಿಗೂ ಅದ್ರ ಹೆಚ್ಚಿನ ಅಂಗಡಿಗಳನ್ನ ನಡೆಸ್ತಿರೋದು ಸ್ವಂತ ಮಾಲೀಕರೇ, ಖರೀದಿ ಮಾತ್ರ ಒಟ್ಟಿಗೆ. ಸ್ಪಾರ್ ಅಂತ ಬೆಂಗಳೂರಲ್ಲಿ ದೊಡ್ಡ ಸೂಪರ್‌ಮಾರ್ಕೆಟ್ ನೋಡಿರ್ತೀರಿ, ಆ ಹೆಸರೂ 1932ರಲ್ಲಿ ನೆದರ್‌ಲ್ಯಾಂಡ್ಸ್‌ನ ಸಣ್ಣ ಅಂಗಡಿಯವ್ರು ದೊಡ್ಡ ಚೈನ್‌ಗಳ ಎದುರು ನಿಲ್ಲೋಕೆ ಹೋಲ್‌ಸೇಲರ್ ಜೊತೆ ಸೇರಿ ಕಟ್ಟಿದ ಕೂಟದ್ದೇ.

ಅಷ್ಟು ದೂರ ಯಾಕೆ, ಸಹಕಾರದ ದಾರಿ ಕನ್ನಡಿಗರಿಗೆ ಹೇಳಿಕೊಡ್ಬೇಕಾ. ಗದಗ ಜಿಲ್ಲೆ ಕಣಗಿನಹಾಳದಲ್ಲಿ 1905ರಲ್ಲೇ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ರೈತರ ಸಹಕಾರ ಸಂಘ ಕಟ್ಟಿ ದೇಶಕ್ಕೇ ದಾರಿ ತೋರಿಸಿದ್ರು. ಅಡಿಕೆ ಬೆಲೆ ಬಿದ್ದು ಬೆಳೆಗಾರರು ಕಂಗಾಲಾದ ಮೇಲೆ 1973ರಲ್ಲಿ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳತ್ವದಲ್ಲಿ ಅಡಿಕೆ ಬೆಳೆಗಾರರ ಸಹಕಾರ ಸಂಸ್ಥೆ ಕ್ಯಾಂಪ್ಕೋ ಹುಟ್ತು, ಆಮೇಲೆ ಅವ್ರು ಪುತ್ತೂರಲ್ಲಿ ಚಾಕಲೇಟ್ ಫ್ಯಾಕ್ಟರೀನೇ ಕಟ್ಟಿದ್ರು. ನಂದಿನಿ ಹಾಲು ಎದುರಿಗಿದೆ. ಮಾರೋ ರೈತರು ಒಂದಾಗಿದ್ದಾರೆ, ಸಾಲ ಬೇಕಾದೋರು ಒಂದಾಗಿದ್ದಾರೆ. ಊರೂರಲ್ಲಿ ಅಷ್ಟೊಂದು ಜನ ಇರೋ ಅಂಗಡಿಯವ್ರು ಮಾತ್ರ ಕೊಳ್ಳೋಕೆ ಅಂತ ಒಂದಾಗಿಲ್ಲ. ನಮ್ಮ ಸಂಘ ಅಂದ್ರೆ ಬಂದ್ ಮಾಡೋಕೆ, ಗಣಪತಿ ಕೂರ್ಸೋಕೆ, ಮನವಿ ಪತ್ರ ಕೊಡೋಕೆ. ಖರೀದಿಗಲ್ಲ.

ಯಾಕಾಗಿಲ್ಲ ಅಂದ್ರೆ ಅದಕ್ಕೆ ಕಾರಣಗಳಿವೆ, ಅದನ್ನ ಮುಚ್ಚಿಟ್ರೆ ಈ ಪತ್ರಕ್ಕೆ ಅರ್ಥ ಇಲ್ಲ. ಒಂದು, ಯಾವ ಅಂಗಡಿಯವ್ನೂ ತನ್ನ ರೇಟು ಇನ್ನೊಬ್ಬನಿಗೆ ಹೇಳಲ್ಲ, ಎದುರು ಅಂಗಡಿಯವ್ನೇ ಶತ್ರು ಅಂತ ಇಷ್ಟು ದಿನ ಬದುಕಿದ್ದೀವಿ. ಇನ್ನೊಂದು ದೊಡ್ಡದು, ಉದ್ರಿ. ಡಿಸ್ಟ್ರಿಬ್ಯೂಟರ್ ನಮಗೆ ಒಂದು ವಾರ ಹದಿನೈದು ದಿನ ಟೈಮ್ ಕೊಡ್ತಾನೆ, ಸಂತೇಪೇಟೆ ಹೋಲ್‌ಸೇಲಿನವ್ರೂ ಪರಿಚಯದ ಮೇಲೆ ಕೊಡ್ತಾರೆ. ಒಟ್ಟಿಗೆ ಲೋಡು ತರಿಸ್ಬೇಕಂದ್ರೆ ಅಡ್ವಾನ್ಸ್ ದುಡ್ಡು ಇಡ್ಬೇಕು, ಅದು ಯಾರ ಹತ್ರ ಇದೆ? ನಮ್ಮ ಏರಿಯಾದ ಕೆಲವು ಅಂಗಡಿಯವ್ರು ಸೇರಿ ಈಗ ಸಕ್ಕರೆ, ಬೇಳೆ, ಶೇಂಗಾ ಮಾತ್ರ ಒಟ್ಟಿಗೆ ಬಂಡೀಪಾಳ್ಯದ ಎಪಿಎಂಸಿ ಯಾರ್ಡಿಂದ ತರಿಸ್ತೀವಿ, ಗಾಡಿ ಬಾಡಿಗೆ ಹಂಚ್ಕೋತೀವಿ. ಮೂಟೆ ಲೆಕ್ಕದಲ್ಲಿ ಕೊಂಡಾಗಿಂದ ಲೋಡ್ ಲೆಕ್ಕಕ್ಕೆ ಬಂದಾಗ ರೇಟಲ್ಲಿ ವ್ಯತ್ಯಾಸ ಕಾಣುತ್ತೆ, ಗಿರಾಕಿಗೂ ಒಂದೆರಡು ರೂಪಾಯಿ ಇಳಿಸಿ ಕೊಡೋಕಾಗಿದೆ. ಆದ್ರೆ ಒಬ್ರು ದುಡ್ಡು ಕೊಡೋದು ಎರಡು ದಿನ ತಡ ಮಾಡಿದ್ರೂ ಇಡೀ ಗುಂಪಿಗೆ ಮನಸ್ತಾಪ, ಬೇಳೆ ಕ್ವಾಲಿಟಿ ನನ್ನ ಗಿರಾಕಿಗೆ ಹಿಡಿಸ್ಲಿಲ್ಲ ಅಂತ ಒಬ್ರು ಬಿಟ್ಟೂ ಹೋದ್ರು. ಸೋಪು ಬಿಸ್ಕತ್ತಿನ ಕಂಪನಿಗಳಂತೂ ನಮ್ಮಂಥ ಗುಂಪಿನ ಜೊತೆ ಮಾತಾಡೋಕೇ ತಯಾರಿಲ್ಲ, ನಮಗೆ ಹೆಸರಿಲ್ಲ, ರಿಜಿಸ್ಟ್ರೇಷನ್ ಇಲ್ಲ, ಬ್ಯಾಂಕ್ ಅಕೌಂಟ್ ಇಲ್ಲ.

ಅದಕ್ಕೇ ಸರ್ಕಾರ ಇಲ್ಲಿ ಬರ್ಬೇಕು ಅನ್ನೋದು. ನಾವು ಸಬ್ಸಿಡಿ ಕೇಳ್ತಿಲ್ಲ, ಆನ್‌ಲೈನ್ ಬ್ಯಾನ್ ಮಾಡಿ ಅಂತಾನೂ ಕೇಳ್ತಿಲ್ಲ. ಕರ್ನಾಟಕದಲ್ಲಿ 1997ರ ಸೌಹಾರ್ದ ಸಹಕಾರಿ ಕಾಯ್ದೆ ಇದೆ, ಸರ್ಕಾರದ ಹಸ್ತಕ್ಷೇಪ ಕಡಿಮೆ ಇರೋ ಸಹಕಾರಿ ಮಾಡ್ಕೋಬಹುದು. ಆದ್ರೆ ಅದ್ರಡಿ ಕಾಣೋದು ಬಹುತೇಕ ಸಾಲ ಕೊಡೋ ಸೊಸೈಟಿಗಳೇ. ಚಿಲ್ಲರೆ ಅಂಗಡಿಯವ್ರ ಖರೀದಿ ಸಹಕಾರಿಗೆ ಅಂತಾನೇ ಒಂದು ಮಾದರಿ ಬೈಲಾ, ಅಂದ್ರೆ ಸಂಘ ನಡೆಸೋ ನಿಯಮಗಳ ಪಟ್ಟಿ, ಮಾಡಿ ಕನ್ನಡದಲ್ಲಿ ಕೊಡ್ಲಿ, ನಮ್ಮ ಜನಕ್ಕೆ ವಕೀಲರ ಆಫೀಸು ಸುತ್ತೋದು ತಪ್ಪುತ್ತೆ. ಜಿಲ್ಲಾ ಸಹಕಾರ ಬ್ಯಾಂಕಿಂದ ಅಂಥ ಸಂಘಕ್ಕೆ ಹದಿನೈದು ದಿನ ಒಂದು ತಿಂಗಳ ಓಡಾಟದ ಬಂಡವಾಳ ಸಿಗೋ ಹಾಗೆ ಮಾಡ್ಲಿ, ಆ ಉದ್ರಿ ಗಂಟು ಅಲ್ಲೇ ಬಿಚ್ಕೊಳ್ಳುತ್ತೆ. ಎಪಿಎಂಸಿ ಯಾರ್ಡ್‌ಗಳಲ್ಲಿ ಒಂದು ಗೋಡೌನ್ ಬಾಡಿಗೆಗೆ ಕೊಡ್ಲಿ, ಪುಕ್ಕಟೆ ಬೇಡ. ಮತ್ತೆ ಒಂದೇ ಪ್ರಮಾಣದಲ್ಲಿ ಮಾಲು ಎತ್ತೋ ಎಲ್ಲರಿಗೂ ಕಂಪನಿಗಳು ಒಂದೇ ರೇಟು ಕೊಡ್ಬೇಕು ಅನ್ನೋ ನಿಯಮ ಕೇಂದ್ರ ಸರ್ಕಾರ ತರ್ಲಿ. ಅಮೆರಿಕದಂಥ ದೇಶದಲ್ಲೇ 1936ರಲ್ಲಿ ರಾಬಿನ್ಸನ್ ಪ್ಯಾಟ್‌ಮನ್ ಕಾಯ್ದೆ ಅಂತ ಮಾಡಿ, ದೊಡ್ಡ ಚೈನ್ ಅಂಗಡಿಗೊಂದು ರೇಟು ಸಣ್ಣವ್ರಿಗೊಂದು ರೇಟು ಅನ್ನೋದನ್ನ ತಡೆಯೋಕೆ ಹೊರಟಿದ್ರು. ನಮ್ಮಲ್ಲಿ ಯಾಕಾಗಬಾರ್ದು?

ಅಂಗಡಿಯವ್ರಿಗೂ ಒಂದು ಮಾತು. ಹಳೇ ಸ್ಟಾಕ್ ಮುಂದೆ ಇಟ್ಟು ಹೊಸದು ಹಿಂದೆ ಇಡೋದು, ಎಂ.ಆರ್.ಪಿ. ಮೇಲೆ ಕೂಲಿಂಗ್ ಚಾರ್ಜ್ ಅಂತ ಒಂದೆರಡು ರೂಪಾಯಿ ತಗೊಳ್ಳೋದು, ತೂಕದಲ್ಲಿ ಕೈಯಾಡಿಸೋದು, ಚಿಲ್ಲರೆ ಇಲ್ಲ ಅಂತ ಚಾಕಲೇಟ್ ಕೊಡೋದು, ಇದನ್ನೆಲ್ಲಾ ಇವತ್ತೇ ನಿಲ್ಲಿಸ್ಬೇಕು. ಗಿರಾಕಿ ಆ್ಯಪ್ ಕಡೆ ಹೋಗಿದ್ದು ಬರೀ ಸೋಮಾರಿತನಕ್ಕಲ್ಲ, ಕೆಲವು ಕಡೆ ನಾವೇ ಓಡಿಸಿದ್ದೀವಿ. ಗಿರಾಕಿಗಳಲ್ಲಿ ಕೇಳೋದು ದಯೆ ಅಲ್ಲ, ಬಿಲ್ ಪೂರ್ತಿ ಓದಿ ಅಂತ ಮಾತ್ರ. ಹ್ಯಾಂಡ್ಲಿಂಗ್ ಚಾರ್ಜು, ಡೆಲಿವರಿ ಚಾರ್ಜು, ಸಣ್ಣ ಆರ್ಡರಿಗೆ ಹಾಕೋದು, ಮಳೆ ಬಂದಾಗ ಹಾಕೋದು, ಎಲ್ಲಾ ಕೂಡಿಸಿ ಆಮೇಲೆ ನಮ್ಮ ರೇಟಿನ ಜೊತೆ ಹೋಲಿಸಿ, ಆಗ್ಲೂ ಅಲ್ಲೇ ಕಡಿಮೆ ಇದ್ರೆ ಅಲ್ಲೇ ಕೊಳ್ಳಿ.

ಸಂಪಾದಕರೇ, ನಿಮ್ಮಿಂದ ಒಂದು ಸಹಾಯ ಆಗ್ಬೇಕು. ಚಿನ್ನ ಬೆಳ್ಳಿ ದರ ದಿನಾ ಹಾಕ್ತೀರಿ, ಅಡಿಕೆ ಧಾರಣೆ ಹಾಕ್ತೀರಿ. ಹಾಗೇ ಯಶವಂತಪುರ, ಬಂಡೀಪಾಳ್ಯ, ಹುಬ್ಬಳ್ಳಿ ಯಾರ್ಡ್‌ಗಳ ತೊಗರಿಬೇಳೆ, ಸಕ್ಕರೆ, ಸೋನಾಮಸೂರಿ, ಸೂರ್ಯಕಾಂತಿ ಎಣ್ಣೆಯ ಸಗಟು ದರಾನೂ ಒಂದು ಮೂಲೇಲಿ ಹಾಕಿ. ಇವತ್ತು ನಮ್ಮಂಥೋರು ನಾಲ್ಕು ಕಡೆ ಫೋನ್ ಮಾಡಿದ್ರೂ ನಾಲ್ಕು ರೇಟು ಹೇಳ್ತಾರೆ, ಯಾವುದು ನಿಜ ಅಂತ ಗೊತ್ತಾಗಲ್ಲ, ಮಧ್ಯದವ್ರು ಹೇಳಿದ್ದೇ ರೇಟು. ಬೆಳಿಗ್ಗೆ ಪೇಪರಲ್ಲಿ ದರ ಅಚ್ಚಾಗಿದ್ರೆ ಹತ್ತು ಅಂಗಡಿಯವ್ರು ಕೂತು ಇವತ್ತು ಎಲ್ಲಿಂದ ತರ್ಸೋಣ ಅಂತ ಮಾತಾಡೋಕೆ ಒಂದು ಆಧಾರ ಸಿಗುತ್ತೆ.

ಇಂತಿ,
ಒಬ್ಬ ದಿನಸಿ ಅಂಗಡಿಯವ
ಕುವೆಂಪುನಗರ, ಮೈಸೂರು